ಬಾಲ ನೀನೇ ಬಿಡಿಸಬೇಕು, ದೋಸ್ತ

ಕಲಬುರಗಿ
ಸೆಪ್ಟೆಂಬರ್ ಕೊನೆಯ ವಾರ

ಪ್ರೀತಿಯ ದೋಸ್ತ,

ಹೋದ ಭಾನುವಾರ ಫೋನಿನಲ್ಲಿ ನೀನು ಒಂದು ಮಾತು ಕೇಳಿದೆ. "ಇನ್ನೂ ಅದೇ ಕಾರ್ಟೂನ್ ಬಿಡಿಸ್ತಾ ಕೂತಿದ್ದೀಯಾ? ಯಾರೋ ಮಾಡಿದ ಪಾತ್ರ ಬಿಡಿಸಿದ್ರೆ ನಿನಗೇನು ಬಂತು? ನಿಂದು ಅಂತ ಏನಾದ್ರೂ ಮಾಡು." ನನ್ನ ಒಳ್ಳೆಯದಕ್ಕೇ ಹೇಳಿದೆ, ಗೊತ್ತು. ನಾನು "ಹ್ಞೂಂ" ಅಂದು ಮಾತು ಬದಲಿಸಿಬಿಟ್ಟೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಹೇಳೋದು ಜಾಸ್ತಿ ಇತ್ತು, ಬಾಯಿಗೆ ಬರಲಿಲ್ಲ. ಅದಕ್ಕೇ ಈ ಪತ್ರ. ಚಿತ್ರದ ಹುಚ್ಚಿರುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರಾಗಬೇಡ. ನಿನ್ನ ಹೆಸರು ಎಲ್ಲೂ ಬರೆದಿಲ್ಲ.

ಹೌದು, ಇನ್ನೂ ಅದನ್ನೇ ಬಿಡಿಸುತ್ತಿದ್ದೇನೆ. ಹಗಲೆಲ್ಲ ಹೊಟ್ಟೆಪಾಡಿನ ಕೆಲಸ. ಮಕ್ಕಳ ಪುಸ್ತಕಕ್ಕೆ ಹಸು ಕರು, ಮದುವೆ ಕಾರ್ಡಿಗೆ ಗಣಪತಿ, ಬೇಳೆ ಚೀಲದ ಮೇಲೆ ತೊಗರಿ ಗಿಡ. ಆ ಕೆಲಸವನ್ನೂ ಮನಸ್ಸಿಟ್ಟೇ ಮಾಡುತ್ತೇನೆ. ಆದರೆ ರಾತ್ರಿ ಊಟ ಮುಗಿದು, ಮನೆಯವರೆಲ್ಲ ಮಲಗಿ, ಟೇಬಲ್ ಲೈಟ್ ಹಾಕಿಕೊಂಡು ಕೂತರೆ ಕೈ ತಾನಾಗಿಯೇ ಹೋಗೋದು ಗೊಕು ಕಡೆಗೆ, ಅದೇ ಜಪಾನಿನ 'ಡ್ರ್ಯಾಗನ್ ಬಾಲ್' ಕಾರ್ಟೂನಿನ ಹುಡುಗ. ಕೆಲವು ದಿನ ಬೇರೆ ಜಪಾನಿ ಕಾರ್ಟೂನಿನ ನರುಟೊ, ಕೆಲವು ದಿನ ಪಿಕಾಚು. ಜಾಸ್ತಿ ದಿನ ಗೊಕುನೇ.

ಏಳನೇ ಕ್ಲಾಸು ನೆನಪಿದೆ ಅಲ್ವಾ? ನಮ್ಮ ಮನೆಯಲ್ಲಿ ಕೇಬಲ್ ಇರಲಿಲ್ಲ. ಸ್ಕೂಲ್ ಬಿಟ್ಟ ಕೂಡಲೇ ಚೀಲ ಸಮೇತ ನಿಮ್ಮ ಮನೆಗೆ ಓಡಿ ಬರುತ್ತಿದ್ದೆ. ಗೊಕು ಹಿಂದಿಯಲ್ಲಿ ಮಾತಾಡುತ್ತಿದ್ದ. ಗಲ್ಲಿಯಲ್ಲಿ ದಖನಿ ಕೇಳಿ ಬೆಳೆದ ನಮಗೆ ಅದೇನು ಕಷ್ಟವಾಗಲಿಲ್ಲ. ಅವನು ಎರಡೂ ಅಂಗೈ ಸೊಂಟದ ಹತ್ತಿರ ತಂದು, ನಡುವೆ ಬೆಳಕಿನ ಉಂಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಬರುವಷ್ಟರಲ್ಲಿ ಕಂತು ಮುಗಿದಿರುತ್ತಿತ್ತು. ಮುಂದೆ ಏನಾಯಿತು ಅಂತ ಯಾರನ್ನು ಕೇಳೋದು? ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ನಾವೇ ಬಿಡಿಸಿಕೊಂಡೆವು. ಮುಖ ಮತ್ತು ಕೂದಲು ನಂದು. ಕೈ, ಕಾಲು, ಬಾಲ ನಿಂದು.

ಟಿವಿಯ ದೊಡ್ಡ ಗೊಕುಗೆ ಬಾಲ ಇರಲಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಸ್ಟಿಕರ್‌ನ ಚಿಕ್ಕ ಗೊಕುಗೆ ಇತ್ತು. ನಮಗೆ ಅವನೇ ಇಷ್ಟ. 'ಡ್ರ್ಯಾಗನ್ ಬಾಲ್' ಅನ್ನೋದನ್ನು ನಾವು ಎಷ್ಟೋ ದಿನ 'ಡ್ರ್ಯಾಗನ್ ಬಾಲ' ಅಂತಲೇ ತಿಳಿದಿದ್ದೆವು. ಕತೆಯ ಹೆಸರೇ ಬಾಲ, ಆದ್ದರಿಂದ ಬಾಲ ಚೆನ್ನಾಗಿ ಬರಲೇಬೇಕು ಅಂತ ನೀನು ಹಟ ಹಿಡಿದಿದ್ದೆ. ಮತ್ತೆ ಬಂತು ಕೂಡ. ಪೆನ್ಸಿಲ್ ಎತ್ತದೆ ಒಂದೇ ಎಳೆತ. ಸೊಂಟದಿಂದ ಹೊರಟು, ಗಾಳಿಯಲ್ಲಿ ಒಂದು ಸುತ್ತು ಬಂದು, ತುದಿಯಲ್ಲಿ ಸ್ವಲ್ಪ ದಪ್ಪ. ಅವನು ಸಿಟ್ಟಾಗಿದ್ದಾನೋ ಹಸಿದಿದ್ದಾನೋ ಅಂತ ನೀನು ಬಿಡಿಸಿದ ಬಾಲ ನೋಡಿಯೇ ಹೇಳಬಹುದಿತ್ತು. ಆಮೇಲೆ ನಾನು ಇಷ್ಟು ವರ್ಷ ಬಿಡಿಸಿದ್ದೇನೆ. ಅಂಥ ಬಾಲ ನನ್ನ ಕೈಯಿಂದ ಇನ್ನೂ ಬಂದಿಲ್ಲ.

ಇಷ್ಟದ ಪಾತ್ರವನ್ನು ಅಭಿಮಾನಿಗಳು ತಾವೇ ಬಿಡಿಸೋದಕ್ಕೆ ಫ್ಯಾನ್ ಆರ್ಟ್ ಅಂತಾರೆ, ಆಗ ಆ ಪದವೇ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಆದರೆ ನಾವು ಮಾಡಿದ್ದು ಅದೇ ಅಲ್ವಾ? ಕರೆಂಟ್ ಹೋಗಿ ಕತೆ ನಿಂತ ಕಡೆಯಿಂದ ನಾವು ಶುರು ಮಾಡಿದೆವು.

ಇನ್ನೊಂದು ರಾತ್ರಿಯ ಮಾತು ಹೇಳುತ್ತೇನೆ. ಮಾರ್ಚ್ 8, 2024. ಅವತ್ತು ಶಿವರಾತ್ರಿ, ಅವ್ವ ಉಪವಾಸ ಇದ್ದಳು. ಫೋನ್ ತೆಗೆದರೆ ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪ್‌ನಲ್ಲಿರುವ ನಮ್ಮ ಚಿತ್ರದ ಹುಚ್ಚರ ಗುಂಪಿನಲ್ಲಿ ಮೆಸೇಜಿನ ಮೇಲೆ ಮೆಸೇಜು. ಗೊಕುವನ್ನು ಹುಟ್ಟಿಸಿದ ಅಕಿರಾ ತೊರಿಯಾಮಾ ತೀರಿಕೊಂಡಿದ್ದರು. ಹೋಗಿದ್ದು ಮಾರ್ಚ್ 1ಕ್ಕೇ, ಸುದ್ದಿ ಹೊರಗೆ ಬಂದಿದ್ದು ಆ ದಿನ. 68 ವರ್ಷ ಅಷ್ಟೇ. ನಾನು ಅವರನ್ನು ನೋಡಿದವನಲ್ಲ, ಅವರ ಭಾಷೆ ಬಂದವನಲ್ಲ. ಆದರೂ ಗಂಟಲು ಕಟ್ಟಿತು. ನನ್ನ ಬೆರಳಿಗೆ ಮೊದಲು ಗೆರೆ ಕಲಿಸಿದವರು ಅವರು.

ಆ ರಾತ್ರಿ ಊರೆಲ್ಲ ಜಾಗರಣೆ. ಎಲ್ಲಿಂದಲೋ ಭಜನೆಯ ತಾಳ ಕೇಳುತ್ತಿತ್ತು. ನಾನೂ ಎಚ್ಚರ ಇದ್ದೆ. ಗುಂಪಿನಲ್ಲಿ ಎಲ್ಲರೂ ಬಿಡಿಸುತ್ತಿದ್ದರು. ಫಿಲಿಪ್ಪೀನ್ಸ್‌ನವಳು ಮುಗಿಸಿ ಮಲಗುವ ಹೊತ್ತಿಗೆ ಮೆಕ್ಸಿಕೊದವನು ಎದ್ದು ಶುರು ಮಾಡುತ್ತಿದ್ದ. ಯಾರೂ ಹೆಚ್ಚು ಮಾತಾಡಲಿಲ್ಲ. ಒಬ್ಬರು ಚಿತ್ರ ಹಾಕುವುದು, ಉಳಿದವರು ಡ್ರ್ಯಾಗನ್ ಬಾಲ್‌ನ ಗುರುತಾಗಿ ಒಂದು ಕಿತ್ತಳೆ ಬಣ್ಣದ ಉಂಡೆ ಹಾಕುವುದು. ಅಷ್ಟೇ. ನಾನು ಬಿಡಿಸಿದ್ದು ನಮ್ಮ ಹಳ್ಳಿಯ ಹಣಮಪ್ಪನ ಗುಡಿ ಕಟ್ಟೆ. ಕಟ್ಟೆಯ ಮೇಲೆ ಚಿಕ್ಕ ಗೊಕು, ಬೆನ್ನು ನಮ್ಮ ಕಡೆಗೆ. ಅವನ ಪಕ್ಕದಲ್ಲಿ ಹಣಮಪ್ಪ, ಅವನೂ ಬೆನ್ನು ತಿರುಗಿಸಿ ಕೂತಿದ್ದಾನೆ. ಇಬ್ಬರ ಮುಖವೂ ಕಾಣುವುದಿಲ್ಲ. ಎರಡು ಬಾಲ ಕಟ್ಟೆಯಿಂದ ಕೆಳಗೆ ಇಳಿಬಿದ್ದಿವೆ. ಆ ಬಾಲಗಳನ್ನು ಒರೆಸಿ ಒರೆಸಿ ಬಿಡಿಸುವಾಗ ನಿನ್ನನ್ನು ಎಷ್ಟು ನೆನೆಸಿಕೊಂಡೆ ಗೊತ್ತಾ?

ಬೆಳಗಿನ ಜಾವ ಚಿತ್ರ ಹಾಕಿದೆ. "ಪಕ್ಕದಲ್ಲಿ ಕೂತಿರೋದು ಯಾರು?" ಅಂತ ಮೆಕ್ಸಿಕೊದವನು ಕೇಳಿದ. ಅವನಿಗೆ ಉತ್ತರ ಬರೆಯುತ್ತಾ ಹೋದಂತೆ ನಾನೇ ಬೆರಗಾದೆ. ಆ ಉತ್ತರವನ್ನು ನಿನಗೂ ಹೇಳುತ್ತೇನೆ, ಯಾಕೆಂದರೆ ನಿನ್ನ ಪ್ರಶ್ನೆಗೂ ಅದೇ ಉತ್ತರ.

ಸಮಾಜ ಪಾಠದಲ್ಲಿ ಹ್ಯೂಯೆನ್ ತ್ಸಾಂಗ್ ಬರುತ್ತಿದ್ದ, ನೆನಪಿದೆಯಾ? ಬೌದ್ಧ ಗ್ರಂಥ ಹುಡುಕಿಕೊಂಡು ಚೀನಾದಿಂದ ಬಂದು, ಇಮ್ಮಡಿ ಪುಲಕೇಶಿಯ ನಾಡಿನ ಬಗ್ಗೆ ಬರೆದಿಟ್ಟವನು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಆ ಸನ್ಯಾಸಿಯ ಪ್ರಯಾಣವನ್ನು ಅವನ ನಾಡಿನವರು ಎಷ್ಟು ಹಚ್ಚಿಕೊಂಡರು ಅಂದರೆ, ನೂರಾರು ವರ್ಷ ಅದನ್ನು ಕತೆ ಮಾಡಿ ಹೇಳಿದರು, ಆಡಿದರು. ಹೇಳುತ್ತಾ ಹೇಳುತ್ತಾ ಅವನ ಜೊತೆಗೆ ಒಂದು ಕೋತಿ ಸೇರಿಕೊಂಡಿತು. ಮೋಡದ ಮೇಲೆ ಹಾರುವ, ಬೇಕಾದಷ್ಟು ಉದ್ದ ಆಗುವ ಕೋಲು ಹಿಡಿದ ಕೋತಿ. 16ನೇ ಶತಮಾನದ ಹೊತ್ತಿಗೆ ಅದೆಲ್ಲ ಸೇರಿ ಒಂದು ದೊಡ್ಡ ಕಾದಂಬರಿ ಆಯಿತು. ಕೋತಿಯ ಹೆಸರು ಸುನ್ ವುಕಾಂಗ್. ಅದೇ ಹೆಸರನ್ನು ಜಪಾನಿನವರು ಓದುವುದು ಸೊನ್ ಗೊಕು ಅಂತ! 1984ರಲ್ಲಿ ತೊರಿಯಾಮಾ ತಮ್ಮ ವಾರದ ಕಾಮಿಕ್ ಶುರು ಮಾಡಿದಾಗ ಆ ಹೆಸರನ್ನು ಎತ್ತಿಕೊಂಡರು. ಕೋಲನ್ನೂ ಎತ್ತಿಕೊಂಡರು, ಮೋಡವನ್ನೂ ಎತ್ತಿಕೊಂಡರು. ಬಾಲವನ್ನೂ.

ಅಂದರೆ ನಮ್ಮ ಗೊಕು ಯಾರ ಪಾತ್ರ ಹೇಳು? ಬಾದಾಮಿ ಚಾಲುಕ್ಯರ ನಾಡಿಗೆ ನಡೆದು ಬಂದ ಒಬ್ಬ ಸನ್ಯಾಸಿಯನ್ನು ಪ್ರೀತಿಸಿದವರು ಕಟ್ಟಿದ ಕತೆ, ಆ ಕತೆಯನ್ನು ಪ್ರೀತಿಸಿದವರು ಬಿಡಿಸಿದ ಹುಡುಗ. ಆ ಹುಡುಗನನ್ನು ನಾನು ಹಣಮಪ್ಪನ ಪಕ್ಕ ಕೂರಿಸಿದೆ. ಸುನ್ ವುಕಾಂಗ್ ಹಣಮಪ್ಪನಿಂದಲೇ ಹುಟ್ಟಿದವನು ಅನ್ನೋ ವಿದ್ವಾಂಸರಿದ್ದಾರೆ, ಅಲ್ಲ ಅನ್ನೋರೂ ಇದ್ದಾರೆ. ನನಗೆ ಆ ಜಗಳ ಬೇಡ. ಒಂದು ಕಟ್ಟೆಯ ಮೇಲೆ ಅವರಿಬ್ಬರಿಗೂ ಜಾಗ ಇದೆ.

ನಮ್ಮ ಊರಿನ ಎಸ್.ಎಂ. ಪಂಡಿತರನ್ನೇ ನೋಡು. 1916ರಲ್ಲಿ ಇಲ್ಲೇ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬಿಡಿಸಿದರು, ಕ್ಯಾಲೆಂಡರ್ ಬಿಡಿಸಿದರು. ರಾಮ, ಕೃಷ್ಣ, ಶಿವ ಯಾರೂ ಅವರು ಹುಟ್ಟಿಸಿದವರಲ್ಲ. ಆದರೆ ಆ ಮೈಯ ಹೊಳಪು, ಕತ್ತಿನ ಮೇಲೆ ಬಿದ್ದ ಬೆಳಕು ನೋಡಿದ ಕೂಡಲೇ ಇದು ಪಂಡಿತರ ಕೈ ಅಂತ ಗೊತ್ತಾಗುತ್ತದೆ. ಇಲ್ಲಿ ಅವರ ಮ್ಯೂಸಿಯಂನಲ್ಲಿ ಆ ತೈಲಚಿತ್ರಗಳ ಮುಂದೆ ನಿಂತಾಗ "ನಿಮ್ಮದು ಅಂತ ಏನು ಮಾಡಿದ್ದೀರಿ?" ಅಂತ ಕೇಳಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಮೊನ್ನೆ ಚಿತ್ತಾಪುರ ಕಡೆ ಕೆಲಸ ಇತ್ತು. ಹಾಗೇ ಸನ್ನತಿ, ಕನಗನಹಳ್ಳಿಗೂ ಹೋಗಿ ಬಂದೆ. ಭೀಮಾ ತೀರದಲ್ಲಿ ಮಣ್ಣಿನೊಳಗಿಂದ ಎದ್ದ ಬೌದ್ಧ ಸ್ತೂಪ. ಕಲ್ಲಿನ ಹಲಗೆಗಳ ಮೇಲೆ ಬುದ್ಧನ ಹಿಂದಿನ ಜನ್ಮಗಳ ಜಾತಕ ಕತೆಗಳು, ಒಂದರ ಕೆಳಗೆ ಒಂದು ಚೌಕ, ಕೆಲವಕ್ಕೆ ಬ್ರಾಹ್ಮಿ ಲಿಪಿಯಲ್ಲಿ ಹೆಸರು. ಅಶೋಕ ರಾಣಿಯ ಜೊತೆ ನಿಂತಿದ್ದಾನೆ, ಅವನ ಹೆಸರನ್ನೂ ಕೊರೆದಿದ್ದಾರೆ. ಆ ಶಿಲ್ಪಿ ಅಶೋಕನನ್ನು ನೋಡಿದವನಲ್ಲ. ಅಶೋಕ ಹೋಗಿ ಎಷ್ಟೋ ತಲೆಮಾರು ಆದ ಮೇಲೆ, ಕೇಳಿದ ಕತೆಯಿಂದ ಕೆತ್ತಿದವನು. ಚೌಕ, ಚಿತ್ರ, ಹೆಸರು. ಕಾಮಿಕ್ ಪುಟದ ಹಾಗೇ ಇದೆ ದೋಸ್ತ! ನೀನು ಊರಿಗೆ ಬಂದಾಗ ಬೈಕಿನಲ್ಲಿ ಹೋಗೋಣ.

ಗೀಕ್ ಅಂತಾರೆ ನಮ್ಮಂಥವರನ್ನು. ನಮ್ಮ ಕಡೆ ಅದಕ್ಕೆ ಹುಚ್ಚು ಅನ್ನೋ ಒಳ್ಳೆಯ ಪದ ಮೊದಲಿಂದ ಇದೆ. ನಾಟಕದ ಹುಚ್ಚು, ಭಜನೆಯ ಹುಚ್ಚು, ಕುಸ್ತಿಯ ಹುಚ್ಚು. ನಮ್ಮ ದೊಡ್ಡಪ್ಪನಿಗೆ ಕಂಪನಿ ನಾಟಕದ ಹುಚ್ಚು ಎಷ್ಟಿತ್ತು ನಿನಗೆ ಗೊತ್ತು. ಬೇರೆ ಊರಿಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ, ಒಂದೇ ನಾಟಕ ಮೂರು ರಾತ್ರಿ ನೋಡಿ, ಹೊಲದಲ್ಲಿ ಕಳೆ ಕೀಳುವಾಗ ಅದರ ಮಾತನ್ನೆಲ್ಲ ಹೇಳುತ್ತಿದ್ದ. ಅವನ ಗೆಳೆಯರು ಎದುರು ಪಾತ್ರದ ಮಾತು ಹೇಳುತ್ತಿದ್ದರು. ಹಗಲುವೇಷದವರು ಓಣಿಗೆ ಬಂದರೆ ನಾವು ಊಟ ಬಿಟ್ಟು ಹಿಂದೆ ಓಡುತ್ತಿದ್ದೆವು. ಈಗ ಕಾಸ್‌ಪ್ಲೇ ಅಂತ ಕಾರ್ಟೂನ್ ಪಾತ್ರದ ವೇಷ ಹಾಕುವ ಹುಡುಗರು ಫೋಮ್ ಶೀಟ್ ಕತ್ತರಿಸಿ, ಹೀಟ್ ಗನ್‌ನಲ್ಲಿ ಬಗ್ಗಿಸಿ ಕವಚ ಮಾಡಿಕೊಂಡು ಬಂದರೆ ನನಗೆ ಹಗಲುವೇಷದ ಭೀಮನ ರಟ್ಟಿನ ಕಿರೀಟವೇ ಕಣ್ಣ ಮುಂದೆ ಬರುತ್ತದೆ. ಈ ಹುಚ್ಚು ಒಬ್ಬನೇ ಇಟ್ಟುಕೊಂಡು ಕೂರುವಂಥದ್ದಲ್ಲ. ಎದುರು ಮಾತು ಹೇಳುವವರು ಬೇಕು.

ನೀನು ಬೆಂಗಳೂರಿಗೆ ಹೋದ ಮೇಲೆ ನನಗೆ ಎದುರು ಮಾತು ಹೇಳುವವರು ಯಾರೂ ಇರಲಿಲ್ಲ. ಸುಮ್ನೆ ಹೇಳುತ್ತಿಲ್ಲ. ಎರಡು ವರ್ಷ ಪೆನ್ಸಿಲ್ ಮುಟ್ಟಲೇ ಇಲ್ಲ. ಆಮೇಲೆ ಈ ಗುಂಪು ಸಿಕ್ಕಿತು. ಮೊದಲ ದಿನ ಒಂದು ಗುದ್ದುವ ಗೊಕು ಹಾಕಿದೆ. ಕೈ ಮುಂದಕ್ಕೆ ಚಾಚಿ ನಮ್ಮ ಮುಖಕ್ಕೇ ಗುದ್ದುವ ಹಾಗೆ ಬರಬೇಕಿತ್ತು. ಬಂದಿದ್ದು ಮುದುಡಿದ ಸೊಂಡಿಲಿನ ಹಾಗೆ. ಬ್ರೆಜಿಲ್‌ನ ಒಬ್ಬ ಹುಡುಗಿ "ರೆಡ್‌ಲೈನ್ ಮಾಡಲಾ?" ಅಂತ ಕೇಳಿದಳು. ನಿನ್ನ ಚಿತ್ರದ ಮೇಲೆ ಇನ್ನೊಂದು ಲೇಯರ್ ಹಾಕಿ ಕೆಂಪು ಗೆರೆಯಲ್ಲಿ ತಿದ್ದಿ ತೋರಿಸೋದು. ಕೇಳದೆ ಯಾರೂ ಮಾಡುವುದಿಲ್ಲ, ಅದು ಅಲ್ಲಿನ ಮರ್ಯಾದೆ. ಅವಳು ನಾಲ್ಕೇ ಗೆರೆ ಹಾಕಿದಳು. ಮುಷ್ಟಿಯನ್ನು ತಲೆಗಿಂತ ದೊಡ್ಡದು ಮಾಡಿದಳು. ಮುಂಗೈಯನ್ನು ಗಿಡ್ಡ ಕೊಳವೆ ಮಾಡಿದಳು. ಮೊಣಕೈಯನ್ನು ಅದರ ಹಿಂದೆ ಅರ್ಧ ಮುಚ್ಚಿದಳು. ಭುಜವನ್ನು ಒಂದು ಚಿಕ್ಕ ಕಮಾನು ಮಾಡಿ ಬಿಟ್ಟಳು. ಪರದೆಯಿಂದ ಮುಷ್ಟಿ ಹೊರಗೆ ಬಂತು! ಹತ್ತಿರದ್ದು ದೂರದ್ದನ್ನು ಮುಚ್ಚಬೇಕು, ಅಳತೆ ಕಣ್ಣಿಗೆ ಬಿಡಬೇಕು. ಇಷ್ಟೇ ವಿಷಯ. ಇದನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಆಗ ನಡುರಾತ್ರಿ. ನನ್ನ ಹೆಸರನ್ನು ಸರಿಯಾಗಿ ಹೇಳಲೂ ಬರುತ್ತಿರಲಿಲ್ಲ. ಒಂದು ಗಂಟೆ ಕೂತು ಕಲಿಸಿದಳು.

ಬದಲಿಗೆ ನಾನು ಏನು ಕೊಟ್ಟೆ ಗೊತ್ತಾ? ನಮ್ಮ ಕೋಟೆಯ ಜಾಮಿ ಮಸೀದಿ. 1367ರದ್ದು. ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹಾಕಿರುವ ಮಸೀದಿ. ಪಕ್ಕದ ಸಾಲಿನಲ್ಲಿ ನಿಂತರೆ ಗಿಡ್ಡ ಕಾಲಿನ ಅಗಲ ಕಮಾನುಗಳು ಒಂದರೊಳಗೆ ಒಂದು ಸಣ್ಣದಾಗುತ್ತಾ ಹೋಗುತ್ತವೆ. ಪರ್‌ಸ್ಪೆಕ್ಟಿವ್ ಕಲಿಯೋಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಐದು ಭಾನುವಾರ ಅಲ್ಲಿ ಕೂತು ಸ್ಕೆಚ್ ಮಾಡಿದೆ. ಬೆಳಕು ಒಂದು ಕಮಾನು ಬಿಟ್ಟು ಒಂದು ಕಮಾನಿನ ಕೆಳಗೆ ಹೇಗೆ ಬೀಳುತ್ತದೆ ಅಂತ ಬರೆದಿಟ್ಟುಕೊಂಡೆ. ಗುಂಪಿನವರು ಅದನ್ನು ನೋಡಿ ತಮ್ಮ ತಮ್ಮ ಪಾತ್ರಗಳನ್ನು ಅಲ್ಲಿ ತಂದು ನಿಲ್ಲಿಸಿದರು. ಕಲಬುರಗಿಯ ಕಮಾನಿನ ಕೆಳಗೆ ನಿಂಜಾಗಳು, ರೋಬೋಟುಗಳು. ಆ ವಾರ ನನಗೆ ಹಬ್ಬ.

ಇನ್ನೊಂದು ಖುಷಿಯ ವಿಷಯ ಇದೆ, ಇದನ್ನು ನೀನು ಜಾಸ್ತಿ ಮೆಚ್ಚುತ್ತೀಯ. ಜಪಾನಿ ಕಾಮಿಕ್‌ನಲ್ಲಿ ಸದ್ದಿನ ಪದಗಳನ್ನೇ ಚಿತ್ರದ ಹಾಗೆ ಬಿಡಿಸುತ್ತಾರೆ. ಏನೂ ಸದ್ದಿಲ್ಲದ ಜಾಗಕ್ಕೂ ಅವರಲ್ಲಿ ಒಂದು ಸದ್ದು ಇದೆ: 'ಶೀನ್'. ಖಾಲಿ ಕೋಣೆ, ನಡುವೆ ದೊಡ್ಡದಾಗಿ 'ಶೀನ್'. ಇದು ಗೊತ್ತಾದಾಗ ನಾನು ಕೂತಲ್ಲಿಂದ ಎದ್ದುಬಿಟ್ಟೆ. ನಮ್ಮಲ್ಲೂ ಇದೆಯಲ್ಲ! ಮನೆ ಬಿಕೋ ಅನ್ನುತ್ತದೆ. ಕತ್ತಲು ಗವ್ ಅನ್ನುತ್ತದೆ. ಯಾವ ಸದ್ದೂ ಇಲ್ಲದ ಕಡೆ ನಮ್ಮ ಕಿವಿಗೆ ಬಿಕೋ ಕೇಳುತ್ತದೆ. ಹೋದ ಬೇಸಿಗೆಯಲ್ಲಿ ಒಂದು ಪುಟ ಮಾಡಿದೆ. ಮೇ ತಿಂಗಳ ಮಧ್ಯಾಹ್ನ, ನಮ್ಮ ಓಣಿ, ಒಂದು ನಾಯಿ ನೆರಳಿನಲ್ಲಿ ಮಲಗಿದೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಿಸಿಲಿನಲ್ಲೇ 'ಬಿಕೋ' ಅಂತ ಬಿಡಿಸಿದೆ. 'ಕೋ'ದ ದೀರ್ಘವನ್ನು ಓಣಿಯ ಕೊನೆಯವರೆಗೂ ಎಳೆದೆ. ಆ ಪುಟವನ್ನು ಕನ್ನಡ ಬಾರದವರೂ ಕೇಳಿಸಿಕೊಂಡರು.

ಅಕ್ಷರ ಮಾತ್ರ ಕೈಯಲ್ಲೇ ಬರೆಯುತ್ತೇನೆ. ನಾನು ಮೊದಲು ಬಳಸುತ್ತಿದ್ದ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಒಡೆದು ಚೂರಾಗುತ್ತಿತ್ತು. 'ಅಕ್ಕ' ಅಂತ ಒತ್ತಿದರೆ 'ಅಕ್‌ಕ' ಅಂತ ಬಿಡಿ ಬಿಡಿ ಬೀಳುತ್ತಿತ್ತು. ಕೈಯಲ್ಲಿ ಬರೆಯೋಕೆ ಶುರು ಮಾಡಿದ ಮೇಲೆ ತಿಳಿಯಿತು, ಕನ್ನಡಕ್ಕೆ ಮಾತಿನ ಗುಳ್ಳೆಯನ್ನೇ ಬೇರೆ ಥರ ಮಾಡಬೇಕು. ಸಾಲಿನ ಕೆಳಗೆ ಒತ್ತಿಗೆ ಜಾಗ, ಮೇಲೆ ಗುಡಿಸಿಗೆ ಜಾಗ. ಇಂಗ್ಲಿಷ್ ಗುಳ್ಳೆಯಲ್ಲಿ ನಾಲ್ಕು ಸಾಲು ಹಿಡಿದರೆ ನಮ್ಮದು ಮೂರೇ.

ಎಲ್ಲ ಸಿಹಿಯೇ ಅಂತ ಹೇಳೋದಿಲ್ಲ. ಆ ಕಟ್ಟೆಯ ಚಿತ್ರದಿಂದ ನನ್ನ ಸಹಿ ಕತ್ತರಿಸಿ ಒಬ್ಬರು ತಮ್ಮ ಪೇಜಿನಲ್ಲಿ ಹಾಕಿಕೊಂಡರು. ಸಾವಿರಾರು ಜನ ನೋಡಿದರು. ಬರೆದು ಕೇಳಿದರೆ ಉತ್ತರವಿಲ್ಲ. ನನಗೆ ಅಳು ಬಂತು. ನಾವು ಚಿಕ್ಕಂದಿನಲ್ಲಿ ಕಿಟಕಿ ಗಾಜಿಗೆ ಬಟರ್ ಪೇಪರ್ ಹಚ್ಚಿ ಟ್ರೇಸ್ ಮಾಡಿದ್ದೇವೆ, ಅದು ಕಲಿಯೋಕೆ. ಇನ್ನೊಬ್ಬರ ಕೆಲಸವನ್ನು ನಂದು ಅನ್ನೋದು ಬೇರೆ. ಗುಂಪಿನವರು ಒಬ್ಬೊಬ್ಬರಾಗಿ ಹೋಗಿ, ಬೈಯದೆ, ಮೂಲ ಚಿತ್ರ ಎಲ್ಲಿದೆ ಅಂತ ಬರೆದರು. ಮೂರನೇ ದಿನ ಅದು ಇಳಿಯಿತು.

ಈಗ ಎಐ ಬಂದಿದೆ. 2025ರ ಮಾರ್ಚ್‌ನಲ್ಲಿ ನಿನ್ನ ಆಫೀಸಿನವರೆಲ್ಲ ತಮ್ಮ ಫೋಟೋವನ್ನು ಜಪಾನಿ ಅನಿ‌ಮೇಷನ್ ಥರ ಮಾಡಿ ಹಾಕಿದ್ದು ನೀನೇ ಹೇಳಿದ್ದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಖುಷಿಗೆ ಮಾಡಿದ್ದಾರೆ. ಆದರೆ ಆ ಯಂತ್ರ ಕಲಿತಿದ್ದು ಕೇಳದೆ ಎತ್ತಿಕೊಂಡ ಚಿತ್ರಗಳಿಂದ. ನಮ್ಮ ಗುಂಪಿನಲ್ಲಿ ರೆಡ್‌ಲೈನ್ ಹಾಕೋಕೂ ಮೊದಲು ಕೇಳುತ್ತೇವೆ. ಅದಕ್ಕೇ ನನಗೆ ಇದು ಇಷ್ಟು ನೋಯುತ್ತದೆ. ಶಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಝ್ ಅಂತ ಒಂದು ಉಪಕರಣ ಬಿಟ್ಟರು. ಕಣ್ಣಿಗೆ ಅಷ್ಟಾಗಿ ಕಾಣದ ಬದಲಾವಣೆ ಮಾಡಿ, ಶೈಲಿಯನ್ನು ಯಂತ್ರ ನಕಲು ಮಾಡದ ಹಾಗೆ ಗೊಂದಲ ಮಾಡುತ್ತದೆ. ನನ್ನ ಹಳೆಯ ಕಂಪ್ಯೂಟರಿನಲ್ಲಿ ಒಂದು ಚಿತ್ರಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗುತ್ತೇನೆ.

ಇನ್ನು ಬೆಂಗಳೂರಿನ ಕಾಮಿಕ್ ಕಾನ್, ಕಾಮಿಕ್ ಹುಚ್ಚಿನವರೆಲ್ಲ ಸೇರುವ ಜಾತ್ರೆ. ಹೋದ ಸಲ ನಾನು ಬಂದಿದ್ದೆ, ನೀನು ಊರಲ್ಲಿ ಇರಲಿಲ್ಲ. ನಮ್ಮ ದೇಶದಲ್ಲಿ ಇದು 2011ರಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಶುರುವಾಯಿತು. ಜಪಾನಿನಲ್ಲಿ ಅಭಿಮಾನಿಗಳೇ ಸೇರಿ ತಾವು ಮಾಡಿದ ಕಾಮಿಕ್ ಮಾರುವ ಕಾಮಿಕೆಟ್ ಅನ್ನೋ ಜಾತ್ರೆ 1975ರ ಡಿಸೆಂಬರ್‌ನಲ್ಲಿ ಶುರುವಾಯಿತು. ಮೊದಲ ಸಲ 32 ಗುಂಪು, ಸುಮಾರು 700 ಜನ. ಈಗ ಬೇಸಿಗೆಗೆ ಒಮ್ಮೆ, ಚಳಿಗೆ ಒಮ್ಮೆ, ಲಕ್ಷಗಟ್ಟಲೆ ಜನ. ನಮ್ಮ ಶರಣಬಸವೇಶ್ವರ ಜಾತ್ರೆಯ ಹಾಗೆ ಕಾದು ಕೂತು ಹೋಗುತ್ತಾರೆ.

ರಾತ್ರಿ ರೈಲಿನಲ್ಲಿ ಪ್ರಿಂಟ್‌ಗಳನ್ನು ರಟ್ಟಿನ ಕೊಳವೆಯಲ್ಲಿ ಸುತ್ತಿ, ಎದೆಗೆ ಅಪ್ಪಿಕೊಂಡು ಮಲಗಿ ಬಂದೆ. ಮಾರೋಕೆ ಇಟ್ಟಿದ್ದು ನನ್ನ ಸ್ವಂತ ಚಿತ್ರಗಳು ಮಾತ್ರ. ಗೊಕುವಿನ ಹಕ್ಕು ಬೇರೆಯವರದ್ದು, ಅದನ್ನು ಮಾರುವುದಿಲ್ಲ. ಆದರೆ ಗುಂಪಿನ ಗೆಳೆಯರ ಜೊತೆ ಅದಲು ಬದಲು ಮಾಡಿಕೊಳ್ಳೋಕೆ ಒಂದು ಗೊಕು ಒಯ್ದಿದ್ದೆ. ಚಿಕ್ಕ ಗೊಕು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಜೋಳದ ರೊಟ್ಟಿ ತಿನ್ನುತ್ತಿದ್ದಾನೆ. ಪಕ್ಕದಲ್ಲಿ ಶೇಂಗಾ ಹಿಂಡಿ, ಒಂದು ಈರುಳ್ಳಿ ಗುದ್ದಿ ಒಡೆದದ್ದು. ಆ ರೊಟ್ಟಿಗೆ ನಾನು ಮೂರು ದಿನ ತೆಗೆದುಕೊಂಡಿದ್ದೆ. ಅವ್ವ ತಟ್ಟುವಾಗ ಪಕ್ಕದಲ್ಲೇ ಕೂತು ನೋಡಿದೆ. ಅಂಚು ಸಣ್ಣಗೆ ಬಿರಿಯುತ್ತದೆ, ಅವ್ವ ಅದನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚುತ್ತಾಳೆ. ಅಲ್ಲೊಂದು ತಗ್ಗು ಉಳಿಯುತ್ತದೆ. ಉಬ್ಬಿದ ಪದರದ ಮೇಲೆ ಮಾತ್ರ ಕರಿ ಚುಕ್ಕೆ, ನಡುವೆ ಜಾಸ್ತಿ, ಅಂಚಿಗೆ ಕಡಿಮೆ. ಹಾಗೇ ಬಿಡಿಸಿದೆ.

ಮಧ್ಯಾಹ್ನ ಒಬ್ಬಾಕೆ ಬಂದು ಆ ಚಿತ್ರದ ಮುಂದೆ ನಿಂತಳು. ಬೆನ್ನಿಗೆ ದೊಡ್ಡ ರಟ್ಟಿನ ಕತ್ತಿ, ತಲೆಗೆ ನೀಲಿ ವಿಗ್. ಗೊಕುವನ್ನು ನೋಡಲೇ ಇಲ್ಲ. ರೊಟ್ಟಿಯನ್ನೇ ನೋಡಿದಳು. ಆ ತಗ್ಗಿನ ಹತ್ತಿರ ಬೆರಳು ತಂದು, ಮುಟ್ಟದೆ ಕೇಳಿದಳು: "ಈ ರೊಟ್ಟಿ ಬಡದೋರು ಯಾರ್ರೀ?"

"ನಮ್ಮವ್ವ" ಅಂದೆ.

"ನಮ್ಮವ್ವನೂ ಹಿಂಗೇ ಬೆರಳು ಒತ್ತತಾಳ್ರಿ. ನಾವು ಯಾದಗಿರಿ ಕಡೆಯವರು."

ಅಷ್ಟು ಗದ್ದಲದಲ್ಲಿ, ಸ್ಪೀಕರ್ ಸದ್ದಿನಲ್ಲಿ, ನೀಲಿ ಕೂದಲು ಹಾಕಿಕೊಂಡು ನಿಂತ ಆ ಹುಡುಗಿಯ ಕಣ್ಣು ತುಂಬಿಕೊಂಡಿತ್ತು. ಊರಿಗೆ ಹೋಗದೆ ಹತ್ತಿರ ಹತ್ತಿರ ಒಂದು ವರ್ಷ ಆಗಿತ್ತಂತೆ. ಪ್ರಿಂಟ್ ಅವಳಿಗೇ ಕೊಟ್ಟೆ. ದುಡ್ಡು ಬೇಡ ಅಂದೆ. ಎರಡೂ ಕೈಯಿಂದ ಅಂಚು ಹಿಡಿದು, ಬಿಸಿ ರೊಟ್ಟಿ ಹಿಡಿದ ಹಾಗೆ ಹಿಡಿದುಕೊಂಡು ಹೋದಳು. "ನಿನಗೇನು ಬಂತು" ಅಂತ ಕೇಳಿದೆಯಲ್ಲ ದೋಸ್ತ, ಫೋನಿನಲ್ಲಿ ಇದನ್ನು ಹೇಳಬೇಕಿತ್ತು.

ನಿಂದು ಅಂತ ಏನಾದ್ರೂ ಮಾಡು ಅಂದೆ. ಅದಕ್ಕೂ ಕೈ ಹಾಕಿದ್ದೇನೆ. ಮಳೆಗಾಲ ಶುರುವಾದಾಗ ಬೀದರ್‌ಗೆ ಹೋಗಿದ್ದೆ, ಬಿದರಿ ಕೆಲಸ ನೋಡೋಕೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತ ಹಚ್ಚಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಹೂಬಳ್ಳಿ ಕೊರೆಯುತ್ತಾರೆ. ಆ ಕೊರೆದ ಗೆರೆಗೆ ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಕಾಯಿಸುತ್ತಾರೆ. ಸತು ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿ ಇದೆಯೋ ಇಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಆ ಕಪ್ಪಿನ ಮೇಲೆ ಆ ಬಿಳಿ ಗೆರೆ ನೋಡಿ ನನಗೆ ತಡೆಯಲಾಗಲಿಲ್ಲ. ವಾಪಸ್ ಬರುವ ಬಸ್ಸಿನಲ್ಲೇ ಒಬ್ಬ ಹುಡುಗಿಯನ್ನು ಬಿಡಿಸಿದೆ. ಬಿದರಿ ಕವಚ ತೊಟ್ಟವಳು. ಹೆದರಿದಾಗ ಕವಚ ಕಪ್ಪಾಗಿ ಕತ್ತಲಲ್ಲಿ ಸೇರಿಹೋಗುತ್ತದೆ, ಗೆರೆಗಳು ಮಾತ್ರ ಹೊಳೆಯುತ್ತವೆ. ಅವಳು ಕಾಲು ಅಗಲಿಸಿ ನಿಂತಿರುವ ರೀತಿ ನೋಡು. ಯಾರ ಹಾಗಿದೆ ಅಂತ ನಿನಗೆ ಕೂಡಲೇ ಗೊತ್ತಾಗುತ್ತದೆ.

ಈಗ ನಾನು ಕೇಳಬೇಕಾದ್ದಕ್ಕೆ ಬರುತ್ತೇನೆ. ಅಕ್ಟೋಬರ್ ಬರುತ್ತಿದೆ. ಜೇಕ್ ಪಾರ್ಕರ್ ಅನ್ನೋ ಅಮೆರಿಕದ ಚಿತ್ರಕಾರರು 2009ರಲ್ಲಿ ತಮ್ಮ ಕೈ ಪಳಗಲಿ ಅಂತ ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಶಾಯಿ ಚಿತ್ರ ಬಿಡಿಸಿದರು. ಇಂಕ್ಟೋಬರ್ ಅಂತ ಹೆಸರು. ಈಗ ಲೋಕದ ತುಂಬಾ ಜನ ಬಿಡಿಸುತ್ತಾರೆ. 31 ದಿನ, 31 ಚಿತ್ರ. ಒಬ್ಬನೇ ಮಾಡಿದಾಗಲೆಲ್ಲ ನಾನು ಹನ್ನೆರಡು, ಹದಿಮೂರಕ್ಕೆ ನಿಂತಿದ್ದೇನೆ. ಈ ಸಲ ಹಂಚಿಕೊಳ್ಳೋಣ. ಒಂದು, ಮೂರು, ಐದು ನಂದು. ಎರಡು, ನಾಲ್ಕು, ಆರು ನಿಂದು. ನನಗೆ 16, ನಿನಗೆ 15. ಕೆಲಸ ಜಾಸ್ತಿ, ಟೈಮ್ ಇಲ್ಲ ಅನ್ನುತ್ತೀಯ, ಗೊತ್ತು. ಒಂದು ಚಿತ್ರಕ್ಕೆ ಹತ್ತು ನಿಮಿಷ ಸಾಕು. ಕರೆಂಟ್ ಹೋಗಿ ಬರುವಷ್ಟು ಹೊತ್ತು.

ನಿನ್ನೆ ಅಂಚೆಗೆ ಒಂದು ಪಾರ್ಸೆಲ್ ಹಾಕಿದ್ದೇನೆ. ಕಪ್ಪು ಹಾಳೆಯ ಒಂದು ನೋಟ್‌ಬುಕ್ಕು, ಒಂದು ಬಿಳಿ ಜೆಲ್ ಪೆನ್ನು, ಜೊತೆಗೆ ಅವ್ವ ಕೊಟ್ಟ ಶೇಂಗಾ ಹಿಂಡಿ. ಹಿಂಡಿ ಡಬ್ಬಿಗೆ ಎರಡು ಪ್ಲಾಸ್ಟಿಕ್ ಕವರ್ ಕಟ್ಟಿದ್ದೇನೆ, ಎಣ್ಣೆ ಹಾಳೆಗೆ ಹತ್ತಬಾರದು. ಮೊದಲ ಪುಟ ನಾನು ಶುರು ಮಾಡಿದ್ದೇನೆ. ಚಿಕ್ಕ ಗೊಕು, ಕಟ್ಟೆಯ ಮೇಲೆ, ಬೆನ್ನು ನಮ್ಮ ಕಡೆಗೆ. ಕೂದಲು ಮುಗಿದಿದೆ, ಅಂಗಿಯ ಮಡಿಕೆ ಮುಗಿದಿದೆ. ಕಟ್ಟೆಯ ಕೆಳಗೆ ಅರ್ಧ ಪುಟ ಹಾಗೇ ಕಪ್ಪಾಗಿ ಬಿಟ್ಟಿದ್ದೇನೆ. ಬಾಲಕ್ಕೆ ಅಷ್ಟು ಜಾಗ ಸಾಕಾಗುತ್ತದಾ ನೋಡಿ ಹೇಳು. ಜೆಲ್ ಪೆನ್ನು ಮೊದಲು ಬೇರೆ ಹಾಳೆಯಲ್ಲಿ ಎರಡು ಸಲ ಗೀಚು, ಶುರುವಿಗೆ ಸ್ವಲ್ಪ ಕಟ್ಟಿಕೊಳ್ಳುತ್ತದೆ.

ನಿನ್ನ ದೋಸ್ತ